ಮಸರಕಲ್ಲಿನ ಬಳಿ ನಾನು ಮೋಟಾರಾದೆ

ಹೋದ ವಾರ ನಾನು ಮೋಟಾರಾಗಿದ್ದೆ.

ಅಚ್ಚಿನ ಮನೆಯವರು ದಯವಿಟ್ಟು ಇದನ್ನು ‘ಮೋಟಾರಿನಲ್ಲಿದ್ದೆ’ ಎಂದು ತಿದ್ದಬಾರದು. ಅದರಲ್ಲಿಯೂ ಇದ್ದೆ, ಅದೇ ಆಗಿಯೂ ಇದ್ದೆ. ಅದೂ ಎಂಥ ಮೋಟಾರು? ಮಳೆಯಲ್ಲಿ ನೆನೆದು, ಮೂರು ಹೆಜ್ಜೆ ಹಾಕಿ ನಾಲ್ಕನೆಯದಕ್ಕೆ ಮುಗ್ಗರಿಸುವ ಮೋಟಾರು.

ನನ್ನ ಬಾಯಿಯ ಅಣಕಿಸುವ ಚಾಳಿ ನಿಮಗೆ ಹೊಸದಲ್ಲ. ನಾನು ಗುಮಾಸ್ತನಾಗಿರುವ ಹತ್ತಿಗಿರಣಿಯ ಸಾವ್ಕಾರರು ನಶ್ಯ ಏರಿಸಿ ಸೀನುವುದನ್ನು ಮಾಡಬಲ್ಲೆ. ರಾಯಚೂರು ಸ್ಟೇಷನ್ನಿಗೆ ರೈಲು ಬಂದು ನಿಟ್ಟುಸಿರು ಬಿಡುವುದನ್ನು ಮಾಡಬಲ್ಲೆ. ಪೋತ್ನಾಳದ ನಮ್ಮ ಸೋದರಮಾವ ಉಂಡೆದ್ದು ತೇಗುವುದನ್ನು ಅವನಿಗಿಂತ ಚೆನ್ನಾಗಿ ತೇಗಬಲ್ಲೆ. ಕನ್ನಡಿಯ ಮುಂದೆ ನಿಂತು ನನ್ನನ್ನೂ ಅಣಕಿಸಿ ನೋಡಿದ್ದೇನೆ. ಅಷ್ಟು ರುಚಿಸಲಿಲ್ಲ. (ಮೂಲವೇ ಅಷ್ಟಕ್ಕಷ್ಟೆ.)

ಬಾರದ ದನಿ ಒಂದೇ. ನಮ್ಮಾಕೆಯದು.

ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮ ಅತ್ತೆ ಈ ಪತ್ರಿಕೆಯನ್ನು ಒಲೆಗೆ ಹಾಕುತ್ತಾರೆ. ಮದುವೆಯಾಗಿ ವರ್ಷ ತುಂಬಿಲ್ಲ. ಆಷಾಢ ಬಂತು. ಹೊಸ ಮದುಮಗಳು ಗಂಡನ ಮನೆಯಲ್ಲಿ ಇರಬಾರದಂತೆ. ನಮ್ಮವ್ವ ಮಾನ್ವಿಯಿಂದ ಬಂದು ಆಕೆಯನ್ನು ತವರೂರಾದ ಮಸರಕಲ್ಲಿಗೆ ಗಾಡಿ ಹತ್ತಿಸಿ, ತಾನು ಮಾನ್ವಿಯ ದಾರಿ ಹಿಡಿದಳು. ನಾನು ರಾಯಚೂರಿನ ಬಾಡಿಗೆ ಕೋಣೆಯಲ್ಲಿ ಒಬ್ಬನೇ ಅನ್ನ ಸೀಯಿಸುತ್ತ ಕೂತೆ.

ಸಂಜೆ ಗಿರಣಿಯಿಂದ ಬಂದು ಸಾವ್ಕಾರರ ಸೀನು ಸೀನುತ್ತೇನೆ. ಗೋಡೆ ನಗುವುದಿಲ್ಲ. “ಊಟಕ್ಕ ಬರ್ರಿ, ರೊಟ್ಟಿ ಆರಾಕತ್ತಾವ” ಎಂದು ಆಕೆ ಕರೆಯುವಂತೆ ನನಗೆ ನಾನೇ ಕರೆದುಕೊಳ್ಳುತ್ತೇನೆ. ಬೆಕ್ಕು ಕೂಡ ತಿರುಗಿ ನೋಡುವುದಿಲ್ಲ. ‘ಬರ್ರಿ’ ಎನ್ನುವಲ್ಲಿ ಆಕೆ ಎಲ್ಲೋ ಒಂದು ಚೂರು ನಗೆ ಸೇರಿಸುತ್ತಾಳೆ. ಅದು ಎಲ್ಲಿ ಸೇರುತ್ತದೆ ಎಂಬುದೇ ಸಿಗದು. ಇನ್ನೊಮ್ಮೆ ಕೇಳಬೇಕು ಅನ್ನಿಸಿತು. ಒಂದೇ ಒಂದು ಸಲ.

ಕೇಳುವುದು ಹೇಗೆ? ಆಷಾಢದಲ್ಲಿ ಅತ್ತೆ ಅಳಿಯ ಒಂದೇ ಹೊಸ್ತಿಲು ದಾಟಬಾರದು ಎಂಬ ಕಟ್ಟಳೆ ಬೇರೆ ಇದೆಯಲ್ಲ!

ಅಷ್ಟರಲ್ಲಿ ದೇವದುರ್ಗದಿಂದ ಸುದ್ದಿ ಬಂತು. ಅಲ್ಲಿನ ನಮ್ಮ ಹತ್ತಿಕಾಳಿನ ಗೋದಾಮು ಸೋರುತ್ತಿದೆಯಂತೆ. ಸಾವ್ಕಾರರು ಮೋಟಾರು ತೆಗೆಸಿದರು. “ಗೋದಾಮು ನೋಡಾಕ ಗುಮಾಸ್ತ ಬೇಕಲ್ರಿ” ಎಂದು, ಅವರು ಕರೆಯುವ ಮೊದಲೇ ನಾನು ಹಿಂದಿನ ಸೀಟಿನಲ್ಲಿದ್ದೆ. ದೇವದುರ್ಗದ ದಾರಿಯಲ್ಲಿ ಯಾವ ಊರಿದೆ ಹೇಳಿ? ಮಸರಕಲ್ಲು. ರಸ್ತೆಗೆ ಹತ್ತಿದಂತೆ ಯಾರ ಮನೆಯಿದೆ ಹೇಳಿ?

“ಸಾವ್ಕಾರ್ರ, ಮಸರಕಲ್ಲಿನ್ಯಾಗ ಒಂದ ಗಳಿಗಿ ನಿಂದರೋಣೇನ್ರಿ?” ಎಂದು ಮೆಲ್ಲಗೆ ಕೇಳಿದೆ.

“ಆಷಾಢದಾಗ ಅತ್ತಿ ಊರಾಗ ಇಳೀತೀಯಾ? ಲೇ, ನಿನಗ ಮಾನ ಮರ್ಯಾದಿ ಅದ ಏನೋ? ಮಂದಿ ನನಗ ನಗತಾರ. ಗಾಡಿ ಕೆಟ್ಟರ ಮಾತ್ರ ನಿಂದರಬೇಕು, ಸುಮ್‌ಸುಮ್ಮನ ನಿಂದರಬಾರದು. ಲಡಾಯಿ ಕಾಲ. ಪೆಟ್ರೋಲು ಕೂಪನ್ನಿನ ಮ್ಯಾಲ ಬರತದ, ಮಳಿ ಹಂಗ ಮ್ಯಾಲಿಂದ ಬೀಳಂಗಿಲ್ಲ” ಎಂದು ಸಾವ್ಕಾರರು ಸೀನಿದರು.

ಗಾಡಿ ಕೆಟ್ಟರೆ ಮಾತ್ರ. ಈ ಮಾತನ್ನು ಗಂಟು ಹಾಕಿಟ್ಟುಕೊಂಡೆ.

ಗಬ್ಬೂರು ದಾಟಿದ ಮೇಲೆ ಜಿಟಿಜಿಟಿ ಮಳೆ ಜೋರಾಯಿತು. ಗಾಡಿ ನಿಜವಾಗಿಯೇ ಮುಗ್ಗರಿಸತೊಡಗಿತು. ದಡ್ ದಡ್ ದಡ್, ಆಮೇಲೆ ಒಂದು ಖಾಲಿ. ದಡ್ ದಡ್ ದಡ್, ಮತ್ತೆ ಖಾಲಿ. ನಾಲ್ಕು ಸಿಲಿಂಡರಿನಲ್ಲಿ ಒಂದು ಕೆಲಸಕ್ಕೆ ಚಕ್ಕರ್ ಹೊಡೆದಿತ್ತು. ನನಗೆ ಖುಷಿಯೋ ಖುಷಿ. ಆದರೆ ಮಸರಕಲ್ಲು ಇನ್ನೂ ದೂರ. ಕೆಡುವುದಕ್ಕೂ ಒಂದು ಜಾಗ ನೋಡಿ ಕೆಡಬೇಡವೇ?

ಡ್ರೈವರ್ ಇಮಾಮ್ ಸಾಬರು ಇಳಿದು, ಎಂಜಿನ್ ಓಡುತ್ತಿದ್ದಂತೆಯೇ ಬಾನೆಟ್ ಎತ್ತಿದರು. ನಾನೂ ಛತ್ರಿ ಹಿಡಿದು ನಿಂತೆ.

“ನೋಡ್ರಿ ಗುಮಾಸ್ತ್ರ, ತಂತಿ ಹಳೇವು, ಹೊಸಾವು ಸಿಗವಲ್ಲವು. ಹಸಿ ಆತಂದ್ರ ಕರೆಂಟು ಪ್ಲಗ್ಗಿಗೆ ಹೋಗೂದು ಬಿಟ್ಟು ಅಡ್ಡಹಾದಿ ಹಿಡೀತದ. ಯಾವ ತಂತಿ ಅಂತ ಗೊತ್ತಾಗಬೇಕಂದ್ರ ಒಂದೊಂದ ಕಳಚಿ ಕಿವಿಗೊಡಬೇಕು. ಕಳಚಿದ ಕೂಡಲೆ ಸದ್ದು ಕೆಟ್ಟರ ಅದು ದುಡಿಯಾಕತ್ತಿತ್ತು ಅಂತ. ಕಳಚಿದ್ರೂ ಸದ್ದು ಹಂಗ ಇದ್ರ, ಅದ ಸತ್ತದ.”

ಮೊದಲನೆಯದನ್ನು ಕಳಚಿದರು. ಎಂಜಿನ್ ಇನ್ನಷ್ಟು ಕುಂಟಿತು. ಎರಡನೆಯದನ್ನು ಕಳಚಿದಾಗಲೂ ಕುಂಟಿತು. ಮೂರನೆಯದನ್ನು ಕಳಚಿದರು. ಸದ್ದು ಇದ್ದಂತೆಯೇ ಇತ್ತು.

ನನ್ನ ಕೋಣೆ ನೆನಪಾಯಿತು. ಒಬ್ಬಳನ್ನು ಕಳಚಿ ಒಯ್ದರು, ಅಷ್ಟೇ. ಹಂಡೆ, ಒಲೆ, ಬಾಗಿಲ ಚಿಲಕ, ನಾನು, ಎಲ್ಲರ ಸದ್ದೂ ಕೆಟ್ಟಿತು. ನನ್ನನ್ನು ಕಳಚಿಟ್ಟಿದ್ದಕ್ಕೆ ಮಸರಕಲ್ಲಿನ ಸದ್ದು ಏನಾದರೂ ಬದಲಾಗಿದೆಯೇ? ಅಥವಾ ಅಲ್ಲಿ ಎಲ್ಲವೂ ಹಾಗೆಯೇ ಇದೆಯೇ?

“ಯಾಕ್ರಿ, ಮಾರಿ ಸಣ್ಣದಾತು?” ಎಂದು ಇಮಾಮ್ ಸಾಬರು ನಕ್ಕು, ಇದ್ದ ಒಂದು ಒಣ ಚಿಂದಿಯಿಂದ ತಂತಿ ಒರೆಸಿ, ಮೇಲೆ ಮೇಣ ಸವರಿದರು. ಗಾಡಿ ಗಿರಣಿಯ ಹಾಗೆ ಸಲೀಸಾಗಿ ಓಡಿತು.

ಹಾಳಾದ ಸಲೀಸು! ಮಸರಕಲ್ಲಿನ ಬೇವಿನ ಮರಗಳು ಕಂಡವು. ಅತ್ತೆಯ ಮನೆಯ ಕಟ್ಟೆ ಕಂಡಿತು. ಇನ್ನು ಎಣಿಸಿ ಹತ್ತು ಉಸಿರಿನಲ್ಲಿ ಊರು ಹಿಂದಾಗುತ್ತದೆ. ನಾನು ಕಂಬಳಿ ತಲೆಯ ಮೇಲೆಳೆದುಕೊಂಡು, ಗಾಡಿಯ ಪಕ್ಕಕ್ಕೆ ಕತ್ತು ಚಾಚಿ, ಹೊಟ್ಟೆಯಾಳದಿಂದ ಶುರುಮಾಡಿದೆ.

ದಡ್ ದಡ್ ದಡ್. ದಡ್ ದಡ್ ದಡ್.

“ಇಮಾಮ್, ಮತ್ತ ಶುರು ಆತು ನೋಡೋ!” ಸಾವ್ಕಾರರು ಚೀರಿದರು.

ಗಾಡಿ ನಿಂತಿತು. ಎಲ್ಲಿ? ಕಟ್ಟೆಯ ಎದುರಿಗೇ. (ನನ್ನ ಬಾಯಿಗೆ ಬ್ರೇಕೂ ಇದೆ.)

ಇಮಾಮ್ ಸಾಬರು ಮತ್ತೆ ತಂತಿ ಕಳಚಿ ನೋಡಿದರು. ಮೊದಲನೆಯದಕ್ಕೆ ಸದ್ದು ಕೆಟ್ಟಿತು, ಎರಡಕ್ಕೂ, ಮೂರಕ್ಕೂ, ನಾಲ್ಕಕ್ಕೂ. ನಾಲ್ಕೂ ದುಡಿಯುತ್ತಿವೆ! ಅವರು ನಿಧಾನಕ್ಕೆ ತಲೆಯೆತ್ತಿ ನನ್ನ ಕಡೆ ನೋಡಿದರು. ಕಟ್ಟೆಯ ಕಡೆ ನೋಡಿದರು. ಕೈಸನ್ನೆ ಮಾಡಿ ಹತ್ತಿರ ಕರೆದರು.

“ನಾಕೂ ಜೀವಂತ ಅವ. ಕೆಟ್ಟಿದ್ದು ಐದನೇದು. ಹಿಂದಿನ ಸೀಟಿನ್ಯಾಗ ಕುಂತದ.”

ನಾನು ತಲೆಯ ಮೇಲಿನ ಕಂಬಳಿಯನ್ನು ಇನ್ನಷ್ಟು ಕೆಳಗೆಳೆದುಕೊಂಡೆ.

ಅವರು ದನಿ ಎತ್ತರಿಸಿದರು. “ಸಾವ್ಕಾರ್ರ, ಒಣಾ ಬಟ್ಟಿ ಬೇಕ್ರಿ. ನಮ್ಮದೆಲ್ಲ ತೊಯ್ದದ. ಗುಮಾಸ್ತ್ರು ಆ ಮನಿಯಾಗ ಕೇಳಿ ತರತಾರ.” ಆಮೇಲೆ ನನ್ನ ಕಿವಿಯಲ್ಲಿ ಹೇಳಿದರು: “ಹೋಗ್ರಿ ತರ್ರಿ. ಲಗೂನ ತರಬ್ಯಾಡ್ರಿ.”

ಇಂಥ ಮನುಷ್ಯನನ್ನು ಅಣಕಿಸುವುದನ್ನು ಬಿಡುತ್ತೇನೆಂದು ಆ ಗಳಿಗೆಯಲ್ಲಿ ಆಣೆ ಮಾಡಿದೆ. (ಎರಡು ದಿನ ಬಿಟ್ಟೆ.)

“ಯಪ್ಪಾ, ಅಲ್ಲೇ ನಿಂದರ್ರಿ! ಹೊಸ್ತಲಾ ತುಳದೀರಿ, ಆಷಾಢ ಅದ!” ಒಳಗಿನಿಂದ ಅತ್ತೆಯ ಕೂಗು ಬಂತು. ಅವರು ಗೋಡೆಗೆ ಮುಖ ಮಾಡಿ ಸೆರಗೆಳೆದುಕೊಂಡು ನಿಂತಿದ್ದರು. ಅಳಿಯನನ್ನು ನೋಡಬಾರದಲ್ಲ! ನಾನೂ ಅವರನ್ನು ನೋಡಲಿಲ್ಲವೆಂದು ತೋರಿಸಲು ಕಟ್ಟೆಯ ಮೇಲಿನ ಆಡಿಗೆ ಹೇಳಿದೆ: “ಗಾಡಿ ಕೆಟ್ಟದ್ರಿ. ಒಂದು ಒಣಾ ಬಟ್ಟಿ ಬೇಕಾಗಿತ್ರಿ.”

ಬಟ್ಟೆ ತಂದವಳು ನಮ್ಮಾಕೆ. ರೊಟ್ಟಿ ಬುಟ್ಟಿಗೆ ಮುಚ್ಚುವ ಬಟ್ಟೆ, ಇನ್ನೂ ಬೆಚ್ಚಗಿತ್ತು. ಹೊಸ್ತಿಲಿನ ಆಚೆ ಆಕೆ, ಈಚೆ ನಾನು, ನಡುವೆ ಸೂರಿನ ನೀರು.

“ಖರೇನ ಕೆಟ್ಟದೇನ್ರಿ?” ಎಂದು ಪಿಸುಗುಟ್ಟಿದಳು.

“ಕೇಳಲಿಲ್ಲೇನು ಸದ್ದು?”

“ಕೇಳಿದ್ನಿ. ಮೂರು ಹೊಡದು ನಾಕನೇದಕ್ಕ ನೀವು ಉಸಿರು ಎಳಕೊಂಡ್ರಿ. ಗಾಡಿ ಉಸಿರು ಎಳಕೊಳ್ಳಂಗಿಲ್ಲ.”

ನೋಡಿದಿರಾ? ಸಾವ್ಕಾರರಿಗೆ ತಿಳಿಯಲಿಲ್ಲ. ಇಮಾಮ್ ಸಾಬರಿಗೆ ನಾಲ್ಕು ತಂತಿ ಕಳಚಬೇಕಾಯಿತು. ಈಕೆ ಒಳಗೆ ರೊಟ್ಟಿ ಬಡಿಯುತ್ತ ಬರೀ ಉಸಿರಿನಲ್ಲೇ ಗುರುತು ಹಿಡಿದಳು!

ಏನೇನೋ ಹೇಳಬೇಕೆಂದುಕೊಂಡಿದ್ದೆ. “ಅನ್ನ ಸೀಯತದ” ಎಂದಷ್ಟೇ ಬಾಯಿಗೆ ಬಂತು. ಆಕೆ ಸೆರಗು ಬಾಯಿಗೊತ್ತಿಕೊಂಡಳು. ನಗೆಯೋ ಅಳುವೋ, ತಿಳಿಯಲು ಮುಖ ಪೂರ್ತಿ ಕಾಣಬೇಕಿತ್ತು. ಅಷ್ಟರಲ್ಲಿ ಹೊರಗೆ ಸಾವ್ಕಾರರು ಸೀನಿದರು, ಒಳಗೆ ಅತ್ತೆ ಕೆಮ್ಮಿದರು. ಭೇಟಿ ಮುಗಿಯಿತು. ‘ಬರ್ರಿ’ ಎಂಬ ಮಾತು ಈ ಸಲ ಬರಲೇ ಇಲ್ಲ. ಆಷಾಢದಲ್ಲಿ ಬಾಗಿಲಿಗೆ ಬಂದವನನ್ನು ಬರ್ರಿ ಅನ್ನುವುದು ಹೇಗೆ?

ದೇವದುರ್ಗದ ಗೋದಾಮು ಸೋರುತ್ತಿತ್ತು. ನೋಡಿದೆವು. ಸೋರುತ್ತದೆ ಎಂದೆವು. ಹೊತ್ತಿರುವಾಗಲೇ ಹಿಂದಿರುಗಿದೆವು.

ಮಳೆ ಈಗ ಹೊಯ್ಯುತ್ತಿತ್ತು. ಮಸರಕಲ್ಲು ಹತ್ತಿರವಾಗುತ್ತಿದ್ದಂತೆ ದಡ್ ದಡ್ ದಡ್, ಖಾಲಿ. ಇಮಾಮ್ ಸಾಬರು ತಿರುಗಿ ನೋಡಿ ಕಣ್ಣು ಹೊಡೆದರು. “ಮುಂಜಾನಿ ಆತಲ್ರಿ, ಸಾಕು.”

“ಅಯ್ಯೋ, ನಾನಲ್ರಿ!”

“ಏನೋ ನೀನಲ್ಲ?” ಎಂದರು ಸಾವ್ಕಾರರು.

ಎರಡೂ ಕೈಯಿಂದ ಬಾಯಿ ಮುಚ್ಚಿ ತೋರಿಸಿದೆ. ನಮ್ಮ ಇಮಾಮ್ ಸಾಬರು ಮೆಚ್ಚಿ ತಲೆದೂಗಿದರು. ಬಾಯಿ ಮುಚ್ಚಿಕೊಂಡೂ ಮಾಡುತ್ತಾನಲ್ಲ, ಭಪ್ಪರೆ! ಮುಂಜಾನೆಯ ಗಾಡಿ ಕೆಡದೆ ನಿಂತಿತ್ತು. ಈ ಗಾಡಿ ಕೆಟ್ಟರೂ ನಿಲ್ಲಲಿಲ್ಲ.

ಆಕೆ ಬಾಗಿಲಲ್ಲಿದ್ದಳು. ಸದ್ದು ಕೇಳಿ ಬಂದಿದ್ದಳು. ಕೈಯಲ್ಲಿ ಇನ್ನೊಂದು ಒಣ ಬಟ್ಟೆ ಮಡಿಸಿ ಹಿಡಿದಿದ್ದಳು. ಗಾಡಿ ನಿಲ್ಲುವುದಿಲ್ಲವೆಂದು ತಿಳಿಯುತ್ತಲೇ ಹೊಸ್ತಿಲು ದಾಟಿ ಮಳೆಗೆ ಬಂದು ಏನೋ ಕೂಗಿದಳು. ತುಟಿ ಆಡಿದ್ದು ಕಂಡಿತು. ಎಂಜಿನ್ ನನ್ನ ಕಿವಿಯನ್ನು ತುಂಬಿತ್ತು.

ಗಬ್ಬೂರಿನ ಈಚೆ ಗಾಡಿ ಪೂರ್ತಿ ನಿಂತಿತು. ಇಮಾಮ್ ಸಾಬರು ಕಿವಿ ಹಿಡಿದುಕೊಂಡು, “ತಪ್ಪಾತ್ರಿ. ಆ ಬಟ್ಟಿ ಕೊಡ್ರಿ, ಒರಸೋಣು” ಎಂದರು. ಬಟ್ಟೆ ನನ್ನ ಅಂಗಿಯೊಳಗಿತ್ತು. ಕಳೆದುಹೋಯಿತು ಎಂದೆ. ಸಾವ್ಕಾರರ ಜರಿಯಂಚಿನ ಶಲ್ಯದಲ್ಲಿ ತಂತಿ ಒರೆಸಬೇಕಾಯಿತು.

ಈಗ ಬಟ್ಟೆ ನನ್ನ ಕೋಣೆಯ ಗೂಟದಲ್ಲಿದೆ. ರೊಟ್ಟಿಯ ವಾಸನೆ ದಿನಕ್ಕಿಷ್ಟು ಕಡಿಮೆಯಾಗುತ್ತಿದೆ. ನಾನು ಕನ್ನಡಿಯ ಮುಂದೆ ನಿಂತು, ಆಕೆಯ ತುಟಿ ಆಡಿದಂತೆ ನನ್ನ ತುಟಿ ಆಡಿಸಿ ನೋಡುತ್ತೇನೆ. ತುಟಿ ಸರಿಯಾಗಿ ಬರುತ್ತದೆ, ಮಾತು ಬರುವುದಿಲ್ಲ.

ಓದುಗರೇ, ನೀವು ಹೇಳಿ: ಮಳೆಯಲ್ಲಿ ನಿಂತು, ಹೋಗುವ ಗಾಡಿಗೆ ಯಾರಾದರೂ ‘ಬರ್ರಿ’ ಅನ್ನುತ್ತಾರೆಯೇ?