ಅಡ್ಜಸ್ಟೂ ಕಾಂಪ್ರಮೈಸೂ

ನಾನು ಇಂಗ್ಲಿಷ್ ಕಲಿತದ್ದು ಶಾಲೆಗಿಂತ ಹೆಚ್ಚಾಗಿ ಡೊಂಬಿವಲಿ ಲೋಕಲ್ ರೈಲಿನ ಲೇಡೀಸ್ ಡಬ್ಬಿಯಲ್ಲಿ. ಅಲ್ಲಿನ ಮೊದಲ ಪಾಠವೇ 'ಅಡ್ಜಸ್ಟ್'. ಎಷ್ಟೋ ವರ್ಷ ಮೂವರ ಬೆಂಚಿನ ತುದಿಯಲ್ಲಿ ನಾಲ್ಕನೆಯವಳಾಗಿ ಓಡಾಡಿದ್ದೇನೆ. ಪಾಸು ಇಡೀ ಮೈಗೆ, ಕೂತದ್ದು ಮಾತ್ರ ಅರ್ಧ ಮೈ.

ಡಿಕ್ಷನರಿ ನೋಡಿದರೆ 'ಅಡ್ಜಸ್ಟ್' ಬರೀ ಕ್ರಿಯಾಪದ. 'ಕಾಂಪ್ರಮೈಸ್' ನಾಮಪದವೂ ಹೌದು, ಕ್ರಿಯಾಪದವೂ ಹೌದು. ಕನ್ನಡಕ್ಕೆ ಬಂದಮೇಲೆ ಈ ಭೇದವೆಲ್ಲ ಎಲ್ಲಿ? ಇಂಗ್ಲಿಷಿನ ಎಂಥ ಗಟ್ಟಿ ಕ್ರಿಯಾಪದವನ್ನೂ ನಮ್ಮ 'ಮಾಡು' ಹಿಂದಿನಿಂದ ದೂಡಬೇಕು. ಹಾಗಾಗಿ ಎರಡೂ ಒಂದೇ ಎಂದುಕೊಂಡಿದ್ದೆ, ಮಗಳಿಗೆ ಗಂಡು ನೋಡುವವರೆಗೆ.

ಠಾಣಾದ ಮಾಜಿವಾಡಾದಿಂದ ಬಂದವರು ನಮ್ಮ ಧಾರವಾಡ ಕಡೆಯವರೇ. ಹುಡುಗ ಮಗಳಿಗೂ ಹಿಡಿಸಿದ್ದ. ಉಪ್ಪಿಟ್ಟು ಮುಗಿಸಿ ಹುಡುಗನ ತಾಯಿ ಮೆತ್ತಗೆ ಅಂದರು, "ನಮ್ಮ ಮನ್ಯಾಗ ಏನೂ ತ್ರಾಸಿಲ್ರೀ. ಹುಡುಗಿ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರಾತು. ಬೇಲಾಪುರದ ನೌಕರಿ ಬಿಟ್ಲಂದ್ರ ಮನಿ ಛಂದ ನಡೀತದ."

ಕನ್ನಡ ಪೂರ್ತಿ ತಿಳಿದರೂ ಹಿಂದಿಯಲ್ಲೇ ಉತ್ತರಿಸುವ ಮಗಳು ಶ್ರುತಿ ನನ್ನ ಕಿವಿಯಲ್ಲಿ, "ಮಮ್ಮಿ, ಯೇ ಅಡ್ಜಸ್ಟ್ ನಹೀ, ಕಾಂಪ್ರಮೈಸ್ ಹೈ" ಎಂದಳು. ನನ್ನ ಸೆರಗು ಹಿಡಿದಳು. ಆ ನೌಕರಿಗಾಗಿ ಅವಳು ಪಟ್ಟ ಪಾಡು ನನಗೆ ಗೊತ್ತು. ಹೆಣ್ಣಿನ ತಾಯಿ ಸಿಟ್ಟನ್ನು ಚಹಾದ ಜೊತೆ ನುಂಗಬೇಕೆಂಬ ಪದ್ಧತಿ ಇದೆಯಲ್ಲ, ನುಂಗಲು ನೋಡಿದೆ. ಇಳಿಯಲಿಲ್ಲ.

"ವೈನಿ," ಎಂದೆ ಹುಡುಗನ ತಾಯಿಗೆ, "ನಮ್ಮ ಲೋಕಲ್‌ನ್ಯಾಗ ಮೂರು ಮಂದಿ ಸೀಟಿನ ಮ್ಯಾಲೆ ನಾಲ್ಕು ಮಂದಿ ಕೂಡ್ತೀವಿ. ನಾಲ್ಕನೇದಾಕಿ ಬಂದ್ಲಂದ್ರ ಮೂರೂ ಮಂದಿ ಸರೀತಾರ. ಕಲ್ಯಾಣ ಸ್ಟೇಷನ್ನಿನಿಂದ ಕೂತು ಬಂದಾಕಿ, ಠಾಣಾ ಬಂತಂದ್ರ ತಾನ ಎದ್ದು ನಿಂತಾಕಿನ್ನ ಕೂಡಸ್ತಾಳ. ಅದಕ್ಕ ನಾವು ಅಡ್ಜಸ್ಟ್ ಅಂತೀವಿ. ನಿಮ್ಮ ಮನ್ಯಾಗ ಯಾರು ಸರೀತೀರಿ?"

ಅವರು ಗಂಡನ ಮುಖ ನೋಡಿದರು. ಗಂಡ ಖಾಲಿ ಕಪ್ಪಿನೊಳಗೆ ನೋಡಿದರು. ಸಂಬಂಧ ಕೈತಪ್ಪಿತು ಎಂದುಕೊಂಡೆ. ಆದರೂ ಮಾತು ಹಿಂದೆ ತೆಗೆದುಕೊಳ್ಳುವ ಮನಸ್ಸಾಗಲಿಲ್ಲ. ಶ್ರುತಿ ನನ್ನ ಸೆರಗು ಹಿಡಿದೇ ಇದ್ದಳು.

ಹುಡುಗ ಕಪ್ಪು ಕೆಳಗಿಟ್ಟ. "ಮುಂಜಾನಿ ಅಡಿಗಿ ನಾ ಮಾಡ್ತೀನಿ. ಆಕಿ ನೌಕರಿಗೆ ಹೋಗ್ಲಿ."

"ಇವಗ ಚಹಾ ಕಾಸ್ಲಿಕ್ಕೂ ಬರೂದಿಲ್ಲ!" ಎಂದು ತಾಯಿ ಹೌಹಾರಿದರು.

"ಕಲೀಲಿ ಬಿಡ್ರಿ," ಎಂದೆ. "ಮುಹೂರ್ತ ಅಲ್ಲೀತನಕ ಕಾಯ್ತದ."