ಬಾವಿಕಟ್ಟೆಗೆ ಹೋದ ರೇಡಿಯೋ

ಇವತ್ತು ಏಕಾದಶಿ, ಉಪವಾಸ. ಬಾಗಿಲಿಗೆ ರಂಗೋಲಿ ಹಾಕಿ, ದೀಪ ಹಚ್ಚಿ, ಶನಿವಾರದ ಭಜನೆಯಲ್ಲಿ ನಾನೇ ಹೇಳಿಕೊಡಬೇಕಾದ ದೇವರನಾಮ ಕಲಿಯಲು ಕಂಪ್ಯೂಟರ್ ಮುಂದೆ ಕೂತೆ. ಹೆಡ್‌ಫೋನ್ ಹಾಕಿದರೆ ಶ್ರುತಿಯ ಜೊತೆಗೇ ಗುಂಯ್ ಅನ್ನುವ ಸದ್ದು!

"ಕಂಪ್ಯೂಟರ್ ಒಳಗಿರೋ ಸೌಂಡ್ ಕಾರ್ಡೇ ಸಾಕಮ್ಮ, ಹೆಡ್‌ಫೋನ್ ಬದಲಾಯ್ಸು" ಅಂದಳು ಮಗಳು.

"ಹೆಡ್‌ಫೋನಿಗೆ ಸದ್ದು ಕಳಿಸೋದೇ ಆ ಕಾರ್ಡು, ಬೇರೆ ಸೌಂಡ್ ಕಾರ್ಡೇ ಬೇಕು ಅತ್ತೆ" ಅಂದರು ಅಳಿಯ.

ಆ ಗುಂಯ್ ನನಗೆ ಹಳೆಯ ಪರಿಚಯ. ಊರಿನಲ್ಲಿ ಅಪ್ಪನ ಹಿಟ್ಟಿನ ಗಿರಣಿ ಮನೆಗೇ ಅಂಟಿಕೊಂಡಿತ್ತು. ಅಮ್ಮ ಬೆಳಿಗ್ಗೆ ರೇಡಿಯೋ ಹಚ್ಚುವ ಹೊತ್ತಿಗೇ ಯಾರಾದರೂ ರಾಗಿ ತರುತ್ತಿದ್ದರು. ಮೋಟಾರು ಶುರುವಾದರೆ ಹಾಡೆಲ್ಲ ಗುಂಯ್.

"ಇದು ಕೆಟ್ಟೋಗೈತೆ, ಹೊಸದು ಕೊಡ್ಸಿ" ಅಂತ ಅಮ್ಮನ ರಗಳೆ.

"ಮೋಟಾರ್ ಪಕ್ಕ ಕೂರಿಸಿದ್ರೆ ಅದಾದ್ರೂ ಏನ್ ಮಾಡ್ತದೆ ಕಣೇ?" ಅನ್ನುತ್ತಾ ಅಪ್ಪ, ಹಿಟ್ಟು ಮೆತ್ತಿದ ಕೈಯಲ್ಲೇ ಅದನ್ನು ಹಿತ್ತಲ ಬಾವಿಕಟ್ಟೆಯ ಮೇಲಿಟ್ಟರು. ಹಾಡು ತಿಳಿಯಾಯಿತು. ಅಮ್ಮ ಅಲ್ಲೇ ಬಟ್ಟೆ ಒಗೆಯುತ್ತಾ ಕೇಳುತ್ತಿದ್ದಳು. ಹಾಡು ಮುಗಿಯದಿದ್ದರೆ ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದಳು.

ಹಾಗಾಗಿ ನನಗೂ ಕಂಪ್ಯೂಟರ್ ಪೆಟ್ಟಿಗೆಯ ಒಳಗೆ, ಫ್ಯಾನು, ಕರೆಂಟಿನ ಭಾಗಗಳ ಪಕ್ಕ ಕೂರುವ ಕಾರ್ಡ್ ಬೇಡ, ವೈರಿನಲ್ಲಿ ಜೋಡಿಸಿ ಹೊರಗಿಡುವಂಥದ್ದೇ ಬೇಕು. ಉಪವಾಸದಲ್ಲಿ ಬಿಸಿಲಿಗೆ ಹೋಗಲಾರೆ. ಭಜನೆಯ ಗೆಳತಿಯರೇ, ಹೊಸಹಳ್ಳಿ ಮೆಟ್ರೋ ನಿಲ್ದಾಣದ ಕಡೆ ಹೋಗುವವರು ಯಾರಾದರೂ ಅಂಥ ಕಾರ್ಡ್ ಸಿಗುತ್ತದೆಯೇ, ಬೆಲೆ ಎಷ್ಟು ಎಂದು ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿ, ಶನಿವಾರದೊಳಗೆ ಉತ್ತರ ತಂದುಕೊಡಿ.