ಮ್ಯೂಸಿಯಮ್ಮಿನಲ್ಲಿ ಅಮ್ಮನ ತವರಿನ ಬಾಗಿಲು

ಮಾಯಸಂದ್ರ ದಾಟಿ, ಡಾಂಬರು ರಸ್ತೆ ಬಿಟ್ಟು ಒಳಗೆ ಹೋದರೆ ತೆಂಗಿನ ತೋಟದ ನಡುವೆ ಒಂದು ಮಾಡರ್ನ್ ಆರ್ಟ್ ಮ್ಯೂಸಿಯಂ ಇದೆ. ಕಟ್ಟಿ ಹೆಚ್ಚು ಕಾಲವಾಗಿಲ್ಲ. ಗಾರೆಯಿಲ್ಲ, ಬಣ್ಣವಿಲ್ಲ, ಕಿಟಕಿಯಂತೂ ಒಂದೂ ಇಲ್ಲ, ಬರೀ ಕಾಂಕ್ರೀಟು. ಸುತ್ತಲಿನವರು ಮೊದಲು ಅದನ್ನು ಕೋಲ್ಡ್ ಸ್ಟೋರೇಜ್ ಅಂದುಕೊಂಡಿದ್ದರಂತೆ. ಅವರ ತಪ್ಪೇನಿಲ್ಲ, ನನಗೂ ಹಾಗೇ ಕಂಡಿತು.

ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದು ಚಿತ್ರ ತೋರಿಸಲು ಅಲ್ಲ. ನನಗೂ ಮಾಡರ್ನ್ ಆರ್ಟಿಗೂ ಎಣ್ಣೆ ಸೀಗೆಕಾಯಿ ಸಂಬಂಧ. ನನ್ನ ಸೋದರಮಾವಂದಿರು ಹಳೇ ಮನೆ ಕೆಡವಿ ಆರ್‌ಸಿಸಿ ಕಟ್ಟಿಸಿದಾಗ ಬೀದಿ ಬಾಗಿಲನ್ನು ಚೌಕಟ್ಟು, ಹೊಸ್ತಿಲ ಸಮೇತ ಮರದ ವ್ಯಾಪಾರಿಗೆ ಮಾರಿದ್ದರು. ಅದು ಕೈಯಿಂದ ಕೈಗೆ ಹೋಗಿ ಈ ಮ್ಯೂಸಿಯಂ ಸೇರಿದೆ ಅಂತ ನೆಂಟರೊಬ್ಬರು ಹೇಳಿದರು. ಅವತ್ತಿನಿಂದ ಅಮ್ಮನದು ಒಂದೇ ಹಟ. "ಒಂದ್ಸಲ ಆ ಬಾಗ್ಲು ದಾಟ್ಬೇಕು ಕಣೇ."

ತೋಟದಲ್ಲಿ ಹೆಣ್ಣುಮಗಳ ಪಾಲು ಕೇಳಿದ್ದಕ್ಕೆ ಆ ಬಾಗಿಲು ಅವಳಿಗೆ ಮುಚ್ಚಿತ್ತು. ತಾತ ಹಾಸಿಗೆ ಹಿಡಿದಿದ್ದಾನೆ ಅಂತ ಗೊತ್ತಾದಾಗ ಚಿಕ್ಕನಾಯಕನಹಳ್ಳಿಯಿಂದ ಬಸ್ಸು ಹತ್ತಿ ಓಡಿದ್ದಳು. ಸಂಜೆಯವರೆಗೂ ಜಗಲಿಯ ಮೇಲೆ ಕೂತಳು. ಒಳಗೆ ತಾತ ಕೆಮ್ಮುವುದು ಕೇಳುತ್ತಿತ್ತಂತೆ. ಅಣ್ಣಂದಿರು ಬಾಗಿಲು ತೆಗೆಯಲಿಲ್ಲ. ತಾತ ಹೋದ ಮೇಲೆ ಮಣ್ಣಿಗೆ ಕರೆದರು, ಮಾತಿಗೆ ಕರೆಯಲಿಲ್ಲ. ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಮ್ಯೂಸಿಯಮ್ಮಿನ ಒಳಗೆ ಕಾಲಿಟ್ಟ ಕೂಡಲೇ ಮಟಮಟ ಮಧ್ಯಾಹ್ನದಲ್ಲೂ ಮೈ ತಣ್ಣಗಾಯಿತು. ತೋಟದ ಮರ ಕಡಿಯದೆ ಕಟ್ಟಿದ್ದಾರೆ. ತೆಂಗಿನ ಕಾಂಡಗಳು ನುಣುಪು ನೆಲದಿಂದ ಎದ್ದು ಚಾವಣಿಯ ತೂತುಗಳಲ್ಲಿ ಮೇಲೆ ಹೋಗುತ್ತವೆ. ತಲೆ ಕಾಣುವುದಿಲ್ಲ, ಗರಿಗಳ ಸದ್ದು ಮಾತ್ರ ಇಳಿದು ಬರುತ್ತದೆ. ನಮ್ಮ ಹೆಜ್ಜೆ ನಮಗೇ ತುಸು ತಡವಾಗಿ ಕೇಳುತ್ತಿತ್ತು. ನಾವು ನಿಂತ ಮೇಲೂ ಒಂದು ಹೆಜ್ಜೆ ಕೇಳಿತು. ಒಂದು ಗೋಡೆಯ ತುಂಬ ಬರೀ ಕಪ್ಪು ಬಳಿದ ಕ್ಯಾನ್ವಾಸು. ಅದರ ಮುಂದೆ ತೆಂಗಿನ ನಾರಿನಲ್ಲಿ ಹೆಣೆದ ಮನುಷ್ಯರು ಸಾಲಾಗಿ ಕೂತಿದ್ದರು, ಯಾರಿಗೂ ಮುಖವಿಲ್ಲ. ಅಮ್ಮ ಊಟದ ಪಂಕ್ತಿ ದಾಟುವ ಹಾಗೆ ಸೀರೆ ಒತ್ತಿ ಹಿಡಿದು ಅವರನ್ನು ದಾಟಿದಳು.

ಕೊನೆಯ ಕೋಣೆಯಲ್ಲಿ ಬಾಗಿಲುಗಳು. ಕೆಡವಿದ ಮನೆಗಳ ಬಾಗಿಲುಗಳನ್ನು ಯಾರೋ ಕಲಾವಿದೆ ಉದ್ದಕ್ಕೂ ನಿಲ್ಲಿಸಿದ್ದಳು. ಒಂದೊಂದರ ಹಿಂದೆಯೂ ಒಬ್ಬರು ನಿಲ್ಲುವಷ್ಟೇ ಜಾಗ, ಆಮೇಲೆ ಬಿಳಿ ಗೋಡೆ ಅಂತ ಬೋರ್ಡಿನಲ್ಲಿ ಬರೆದಿತ್ತು. ಅಮ್ಮ ಹುಡುಕಲಿಲ್ಲ. ಸೀದಾ ಹೋಗಿ ಒಂದು ಜೋಡಿ ಬಾಗಿಲಿನ ಮುಂದೆ ನಿಂತಳು. ಹೊಸ್ತಿಲ ಸಂದಿಯಲ್ಲಿ ಅರಿಶಿನ ಇನ್ನೂ ಇತ್ತು.

"ಮುಟ್ಬಾರ್ದು ಕಣಮ್ಮ," ಅಂದ ಮೂಲೆಯಲ್ಲಿ ಕೂತಿದ್ದ ಕಾವಲಿನವನು. "ಬರೀ ನೋಡಕ್ಕೆ ಮಡಗವ್ರೆ. ತಳ್ಳುದ್ರೂ ಬರಲ್ಲ, ಬಿಗ್ಕೊಂಡ್‌ಬುಟ್ಟೈತೆ."

ನಾನು ತಳ್ಳಿಯೇ ನೋಡಿದೆ. ಮಿಸುಕಲಿಲ್ಲ. ಸರಿ, ನೋಡಿದ್ದಾಯ್ತಲ್ಲ, ಹೋಗೋಣ ಬಾ ಅಂದೆ. ನನಗೆ ಭಯವಾಗಿತ್ತು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಅಮ್ಮ ಚಪ್ಪಲಿ ಬಿಟ್ಟಳು. ಬಾಗಿಲ ಬಳೆ ಹಿಡಿದು ಸ್ವಲ್ಪ ಮೇಲಕ್ಕೆತ್ತಿ, ಭುಜ ಕೊಟ್ಟು ನೂಕಿದಳು. "ಇದುನ್ನ ಹಿಂಗೇ ತೆಗೀಬೇಕು," ಅಂದಳು. ಬಾಗಿಲು ತೆರೆಯಿತು. ಕಾವಲಿನವನು ಎದ್ದು ಬರುವಷ್ಟರಲ್ಲಿ ಬಲಗಾಲಿಟ್ಟು ಹೊಸ್ತಿಲು ದಾಟಿದ್ದಳು. ಅವಳೇ ಮುಚ್ಚಿದಳೋ, ತಾನಾಗಿ ಮುಚ್ಚಿತೋ, ನನಗೆ ಕಾಣಲಿಲ್ಲ. ಒಳಗಿಂದ ಚಿಲಕ ಬಿದ್ದ ಸದ್ದಂತೂ ಚೆನ್ನಾಗಿ ಕೇಳಿತು.

"ಅಮ್ಮ, ಬಾಗ್ಲು ತೆಗಿ."

ಬಾಗಿಲು ತಟ್ಟಿದೆ.

"ಸ್ವಲ್ಪ ತಡಿಯೇ," ಅಂದಳು ಅಮ್ಮ. ದನಿ ಬಾಗಿಲ ಹಿಂದಿನಿಂದ ಬರಲಿಲ್ಲ. ನಡುಮನೆ ದಾಟಿ, ಅದರಾಚೆಯ ಕೋಣೆಯಿಂದ ಬಂದಷ್ಟು ದೂರವಿತ್ತು. "ಅಪ್ಪನ ಹತ್ರ ಮಾತಾಡ್ತಾ ಇವ್ನಿ."

ಕಾವಲಿನವನು ಬಾಯಿ ತೆರೆದ. ನಾನು ಅವನ ತೋಳು ಹಿಡಿದು ಸುಮ್ಮನಿರಿಸಿದೆ. ಇಬ್ಬರೂ ಅಲ್ಲೇ ನಿಂತು ಕೇಳಿಸಿಕೊಂಡೆವು. ಅಮ್ಮ ಮೆಲ್ಲಗೆ ಮಾತಾಡುತ್ತಲೇ ಇದ್ದಳು. ನಡುನಡುವೆ ಸುಮ್ಮನಾಗುತ್ತಿದ್ದಳು, ಎದುರಿಗಿರುವವರು ಹೇಳಿ ಮುಗಿಸಲಿ ಅಂತ ಕಾಯುವ ಹಾಗೆ.